ಮುಬೀನಾಳ ಕುರ್ಚಿಗೆ ನಾನು ಹೊಲಿದ ಮೆತ್ತೆ

ಕೈಯಲ್ಲೊಂದು ಕಸುಬಿದ್ದವನಿಗೆ ಅದನ್ನು ಎಲ್ಲೆಂದರಲ್ಲಿ ತೋರಿಸುವ ಚಪಲವೂ ಇರುತ್ತದೆ. ಅಡುಗೆಯವನು ನೆಂಟನಾಗಿ ಮದುವೆಗೆ ಹೋದರೂ ಸಾರಿನ ಉಪ್ಪು ನೋಡಿಯೇ ನೋಡುತ್ತಾನೆ. ನಾನು ಮಳವಳ್ಳಿಯಲ್ಲಿ ಆಟೋ, ಸ್ಕೂಟರುಗಳಿಗೆ ಸೀಟು ಹೊಲಿಯುವವನು. ಓದಿದ್ದು ನಾಲ್ಕನೇ ಕ್ಲಾಸು, ಹೊಲಿದದ್ದಕ್ಕೆ ಲೆಕ್ಕವಿಲ್ಲ. ಯಾರಾದರೂ ಬರೀ ಹಲಗೆಯ ಮೇಲೆ ಕೂತದ್ದನ್ನು ಕಂಡರೆ ನನ್ನ ಬೆರಳು ಸೂಜಿ ಹುಡುಕುತ್ತದೆ. ಇದೇ ಚಪಲದಿಂದ ಒಮ್ಮೆ ನನ್ನ ಮೊಮ್ಮಗಳ ಬದುಕನ್ನೇ ಮಣ್ಣುಪಾಲು ಮಾಡುವುದರಲ್ಲಿದ್ದೆ.

ಮೊಮ್ಮಗಳು ಮುಬೀನಾಳಿಗೆ ಹುಟ್ಟಿದಾಗಿನಿಂದ ಕಾಲಲ್ಲಿ ಬಲವಿಲ್ಲ. ಕಾಲಿಗೆ ಕೊಡದ್ದನ್ನೆಲ್ಲ ಅಲ್ಲಾ ಅವಳ ತೋಳಿಗೇ ಸುರಿದುಬಿಟ್ಟಿದ್ದಾನೆ. ಕಬ್ಬಿಣದ ಎತ್ತರದ ಕುರ್ಚಿಯಲ್ಲಿ ಕೂತು, ಸೊಂಟಕ್ಕೂ ತೊಡೆಗೂ ಪಟ್ಟಿ ಬಿಗಿದುಕೊಂಡು, ಗುಂಡು ಎಸೆಯುತ್ತಾಳೆ. ಈಗ ದೇಶಕ್ಕಾಗಿ ಎಸೆಯುತ್ತಾಳೆ. ವಿಮಾನ ಹತ್ತಿ ಹೋಗಿ ಪದಕ ತರುತ್ತಾಳೆ. ಆ ಗುಂಡನ್ನು ಒಮ್ಮೆ ಅವಳ ಹಾಗೆಯೇ ಕೆನ್ನೆಗೆ ಒತ್ತಿಕೊಂಡು ನೋಡಿದೆ. ಎರಡು ದಿನ ಕತ್ತು ತಿರುಗಲಿಲ್ಲ.

ಅವಳು ಮೊದಲ ಸಲ ಬೆಂಗಳೂರಿನಲ್ಲಿ ತಂಡದ ದೊಡ್ಡ ಆಯ್ಕೆಗೆ ಹೋಗಬೇಕಿತ್ತು. ಇದು ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. ಹಿಂದಿನ ದಿನ ಕುರ್ಚಿ ನೋಡಿದೆ: ಬರೀ ಹಲಗೆ! ಯಾರಿಗೂ ಹೇಳದೆ ಒಳ್ಳೆಯ ಫೋಮು ತುಂಬಿ, ಕೆಂಪು ರೆಕ್ಸಿನ್ ಎಳೆದು, ಅಂಚಿಗೆ ಎರಡು ಹೊಲಿಗೆ ಹಾಕಿ, ಮೊಳೆ ಹೊಡೆದು ಕೂರಿಸಿದೆ. ಮಂತ್ರಿಗಳ ಕಾರಿಗೂ ಅಂಥ ಸೀಟು ಇರಲಿಕ್ಕಿಲ್ಲ.

ಮರುದಿನ ಮೈದಾನದಲ್ಲಿ ಅಧಿಕಾರಿಯೊಬ್ಬರು ಟೇಪು ಹಿಡಿದು ಬಂದು ಕುರ್ಚಿ ಅಳೆದರು. "ಎತ್ತರ ಜಾಸ್ತಿಯಾಯ್ತು. ಮೆತ್ತೆನೂ ಲೆಕ್ಕಕ್ಕೆ ಬರುತ್ತೆ. ಈ ಕುರ್ಚಿಲಿ ಎಸೆಯೋ ಹಾಗಿಲ್ಲ" ಎಂದರು. ಮುಬೀನಾ ಅಳಲಿಲ್ಲ, ಬೈಯಲಿಲ್ಲ. "ದಾದಾ, ಎಷ್ಟು ಮೊಳೆ ಹೊಡ್ದಿದ್ದೀರಿ?" ಎಂದಳು.

"ಇಪ್ಪತ್ತನಾಲ್ಕು" ಎಂದೆ. ನಾಚಿಕೆಗೇಡು, ಆಗಲೂ ದನಿಯಲ್ಲಿ ಸ್ವಲ್ಪ ಜಂಬವಿತ್ತು.

"ಕೀಳಿ."

ಯಾರದೋ ಇಕ್ಕಳ ಇಸಕೊಂಡು ಕಿತ್ತೆ. ನಾನು ಹೊಡೆದ ಮೊಳೆ ಇಷ್ಟು ಗಟ್ಟಿ ಎಂದು ನನಗೇ ಗೊತ್ತಿರಲಿಲ್ಲ. ಕೊನೆಯದು ಬರುವಷ್ಟರಲ್ಲಿ ಅವಳ ಹೆಸರು ಕೂಗಿದರು. ಇನ್ನೊಮ್ಮೆ ಅಳೆದು ಸರಿ ಎಂದರು. ಬರೀ ಹಲಗೆಯ ಮೇಲೆ ಕೂತಳು, ಉಸಿರು ಎಳೆದಳು. ಗುಂಡು ಹೋಯಿತು. ನಾನು ಇನ್ನೇನು ಬಿತ್ತು ಅಂದುಕೊಳ್ಳುತ್ತಲೇ ಇದ್ದೆ, ಅದು ಹೋಗುತ್ತಲೇ ಇತ್ತು. ಆಯ್ಕೆಯಾದಳು. ನಾನು ಮೈದಾನದಲ್ಲೇ ಕೂತು ಮಗುವಿನ ಹಾಗೆ ಅತ್ತೆ.

ಈಗ ಮಂಡ್ಯ, ಮದ್ದೂರಿನ ಕಾಲೇಜುಗಳು ಅವಳನ್ನು ಭಾಷಣಕ್ಕೆ ಕರೆಯುತ್ತವೆ. ಮಕ್ಕಳು ಉಸಿರು ಬಿಗಿಹಿಡಿದು ಕೇಳುತ್ತಾರೆ. ಪದಕದ ಮಾತು ಎರಡು ನಿಮಿಷ, ನನ್ನ ಮೆತ್ತೆಯದು ಹತ್ತು ನಿಮಿಷ! "ನಮ್ಮನ್ನ ಪ್ರೀತಿಸೋರೇ ನಮ್ ಕೆಳಗೆ ಮೆತ್ತೆ ಇಡೋದು. ಬೇಜಾರ್ ಮಾಡ್ಕೋಬೇಡಿ, ಮೊಳೆ ಕೀಳ್ಸಿ" ಎನ್ನುತ್ತಾಳೆ. ಚಪ್ಪಾಳೆಗೆ ಸೂರು ಹಾರುತ್ತದೆ. ನಮ್ಮ ಟೀ ಅಂಗಡಿ ನಿಂಗಣ್ಣನಂತೂ, "ಏನ್ ಸಾಬ್ರೇ, ನನ್ ಬೈಕ್‌ಗೂ ಒಂದ್ ಸೀಟ್ ಆಕ್ಕೊಡಿ. ಅಳ್ದು ಆಕಿ ಮತ್ತೆ!" ಎಂದು ನಗುತ್ತಾನೆ.

ಮೊನ್ನೆ ಮದ್ದೂರಿನಲ್ಲಿ ಭಾಷಣ ಮುಗಿದ ಮೇಲೆ ಕಿರುಗಾವಲಿನ ಒಬ್ಬ ತಾಯಿ, ಊರುಗೋಲು ಹಿಡಿದ ಮಗಳ ಜೊತೆ, ನೇರ ನನ್ನ ಬಳಿಗೇ ಬಂದಳು. "ಸಾಬ್ರೇ, ಇವ್ಳು ಈಜ್ ಕಲೀತೀನಿ ಅಂತ ಅಟ ಇಡ್ದವ್ಳೆ. ನಂಗೆ ಎದೆ ಡವಡವ ಅಂತದೆ. ಏನ್ ಮಾಡ್ಲಿ, ಏಳಿ?"

ನನ್ನನ್ನೂ ಒಬ್ಬರು ಕೇಳಿದರಲ್ಲ! ಎದೆಯುಬ್ಬಿಸಿದೆ. "ಏನೂ ಮಾಡ್ಬೇಡಿ ಕಣಮ್ಮ. ದಡದಲ್ಲಿ ಕೈ ಕಟ್ಕಂಡು ನಿಂತ್ಕಳಿ. ಮಕ್ಳನ್ನ ಬುಟ್‌ಬುಡ್ಬೇಕು. ಅದಕ್ಕಿಂತ ಕಷ್ಟದ ಕೆಲ್ಸ ಇಲ್ಲ" ಎಂದು ಇನ್ನೂ ಏನೇನೋ ಹೇಳಿದೆ. ತಾಯಿ ತಲೆದೂಗಿದಳು. ಆ ಹುಡುಗಿ ಮಾತ್ರ ನನ್ನ ಕೈಗಳನ್ನೇ ನೋಡುತ್ತ ಕಿಸಕ್ಕೆಂದು ನಕ್ಕಳು.

ತಿರುಗಿ ನೋಡಿದೆ. ಮುಬೀನಾ ತನ್ನ ಗಾಲಿಕುರ್ಚಿಯ ಚಕ್ರ ತಳ್ಳುತ್ತಲೇ ಇದ್ದಾಳೆ, ಕುರ್ಚಿ ಜಗ್ಗುತ್ತಿಲ್ಲ. ಹಿಂದಿನ ಹಿಡಿಗಳನ್ನು ನಾನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತಿದ್ದೇನೆ.

"ದಾದಾ, ಭಾಷಣ ಮುಗೀತಾ? ಮುಗಿದಿದ್ರೆ ನನ್ ಗಾಡಿ ಬಿಡಿ" ಎಂದಳು.

ಬಿಟ್ಟೆ. ಮೊದಲು ಒಂದು ಕೈ.