ಬಾಗಿಲು ಬಾಯಿ ಮುಚ್ಚಿದ ದಿನ

ಬಾಗಿಲ ಕೀಲುಗಳಿಗೆ ಬಿದ್ದ ನಾಲ್ಕು ತೊಟ್ಟು ಎಣ್ಣೆಯೇ ಅನರ್ಥಕ್ಕೆಲ್ಲ ಬೇರು. ಎಣ್ಣೆ ಬಿಟ್ಟವಳು ಹೆಂಡತಿ. ಅವಳನ್ನು ಬೈಯುವಂತೆಯೂ ಇರಲಿಲ್ಲ. ಮದುವೆಯಾಗಿ ಹೊಸ್ತಿಲು ದಾಟಿದ ಗಳಿಗೆಯಿಂದ ಒಳಕೋಣೆಯ ಬಾಗಿಲು ತಬ್ಬಲಿಯ ಹಾಗೆ ಅಳುತ್ತಿತ್ತು. ಎಣ್ಣೆ ಬಿಡಿ ಎಂದು ಗಂಡನಿಗೆ ಹೇಳಿ ಹೇಳಿ ಅವಳ ನಾಲಿಗೆ ಸವೆದಿತ್ತು. ಆ ಬೆಳಿಗ್ಗೆ ಅವನು ಸ್ನಾನಕ್ಕೆ ಹೋದಾಗ ತಾನೇ ಬಿಟ್ಟಳು. ಬಾಗಿಲು ಒಮ್ಮೆ ಬಿಕ್ಕಿ, ಆಮೇಲೆ ಹಾಲು ಕುಡಿದ ಕೂಸಿನಂತೆ ಸುಮ್ಮನಾಯಿತು.

ಗಂಡನ ಕಸುಬು ಸಿನಿಮಾಕ್ಕೆ ಸದ್ದು ಮಾಡುವುದು. ತೆರೆಯ ಮೇಲೆ ಕುದುರೆ ಓಡಿದರೆ ಇವನು ಕತ್ತಲೆ ಕೋಣೆಯಲ್ಲಿ ಕೂತು ತೆಂಗಿನ ಚಿಪ್ಪು ಬಡಿಯಬೇಕು. ರಾಣಿ ರೇಷ್ಮೆಯುಟ್ಟು ನಡೆದರೆ ಇವನು ಹಳೆಯ ದುಪ್ಪಟಿ ಕೊಡವಬೇಕು. ಅವನಿದ್ದ ಕಟ್ಟಡದವರೆಲ್ಲ ಅವನನ್ನು ಸದ್ದಪ್ಪ ಎಂದೇ ಕರೆಯುತ್ತಿದ್ದರು. ದೇವರು ಕಣ್ಣಿಗೆ ರೆಪ್ಪೆ ಕೊಟ್ಟ, ಕಿವಿಗೆ ಕೊಡಲಿಲ್ಲ, ಅದೇ ನನ್ನ ಅನ್ನ ಎಂದು ಅವನು ದಿನವೂ ಕೈಮುಗಿಯುತ್ತಿದ್ದ. ಈಚೆಗೆ ಆ ಅನ್ನಕ್ಕೂ ಸಂಚಕಾರ ಬಂದಿತ್ತು. ಬೇಕಾದ ಸದ್ದೆಲ್ಲ ಯಂತ್ರದೊಳಗೇ ಸಿಗುವ ಕಾಲ. ಸದ್ದಪ್ಪನ ಚಿಪ್ಪುಗಳು ಗೂಡಿನಲ್ಲಿ ಧೂಳು ತಿನ್ನುತ್ತಿದ್ದವು.

ಅಂಥದ್ದರಲ್ಲಿ ಒಂದು ದೆವ್ವದ ಸಿನಿಮಾ ಅವನನ್ನು ಹುಡುಕಿಕೊಂಡು ಬಂತು. ನಿರ್ದೇಶಕ ಗಡ್ಡದ ತರುಣ, ಹಟದವನು. ಅವನು ತೋರಿಸಿದ ಮೊದಲ ದೃಶ್ಯದಲ್ಲಿ ಕ್ಯಾಮೆರಾ ಅಂಬೆಗಾಲಿಡುವ ಮಗುವಿನ ಎತ್ತರದಲ್ಲಿ ಉದ್ದನೆಯ ಪಡಸಾಲೆಯಲ್ಲಿ ತೆವಳುತ್ತದೆ. ಗೋಡೆಯಲ್ಲಿ ಮನೆಯವರ ಪಟಗಳು, ಎಲ್ಲವೂ ನಮಗೆ ಬೆನ್ನು ತೋರಿಸಿ ಗೋಡೆಯನ್ನೇ ನೋಡುತ್ತಿವೆ. ನೆಲದ ಮೇಲೆ ಒಂಟಿ ಚಪ್ಪಲಿ. ಕೊನೆಗೆ ಮುಚ್ಚಿದ ಬಾಗಿಲು. ಅದರಡಿಯ ಬೆಳಕಿನ ಗೆರೆಯಲ್ಲಿ ಎರಡು ಪಾದಗಳ ನೆರಳು. ಬಾಗಿಲು ಮೆಲ್ಲಗೆ ತೆರೆಯುತ್ತದೆ. ಒಳಗೆ ಯಾರೂ ಇಲ್ಲ.

"ದೆವ್ವ ಎಲ್ಲಪ್ಪ?" ಎಂದಿದ್ದ ಸದ್ದಪ್ಪ.

"ದೆವ್ವ ತೋರಿಸಿಬಿಟ್ರೆ ಜನ ನಿರಾಳ ಆಗ್ತಾರೆ ಅಣ್ಣ, ಸದ್ಯ, ಇಷ್ಟೇ ತಾನೆ ಅಂತ. ಕಣ್ಣಿಗೆ ಉಪವಾಸ ಹಾಕಬೇಕು, ಕಿವಿಗೆ ಊಟ ಬಡಿಸಬೇಕು. ಆ ಬಾಗಿಲು ತೆರೆಯೋ ಸದ್ದಿನಲ್ಲೇ ದೆವ್ವ ಇರಬೇಕು."

ಎಣ್ಣೆ ಬಿದ್ದ ದಿನವೇ ಸಂಜೆ ನಿರ್ಮಾಪಕರು ಆ ದೃಶ್ಯ ನೋಡುವವರಿದ್ದರು. ಅವರು ಕುರ್ಚಿಯಲ್ಲಿ ಬೆಚ್ಚಿದರೆ ಇಡೀ ಸಿನಿಮಾದ ಕೆಲಸ ಸದ್ದಪ್ಪನಿಗೆ, ಬೆಚ್ಚದಿದ್ದರೆ ಯಂತ್ರಕ್ಕೆ. ಸದ್ದಪ್ಪ ಒಳಗೊಳಗೇ ನಕ್ಕಿದ್ದ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವ ಪೈಕಿ ಅವನಲ್ಲ. ಅಳುವ ಬಾಗಿಲು ಮನೆಯಲ್ಲೇ ಇತ್ತಲ್ಲ.

ಸ್ನಾನ ಮುಗಿಸಿ, ಬಾಗಿಲ ಮುಂದೆ ಮೈಕು ಇಟ್ಟು, ಉಸಿರು ಬಿಗಿಹಿಡಿದು ಅವನು ಬಾಗಿಲು ಎಳೆದ. ಬಾಗಿಲು ಮಾತಾಡಲಿಲ್ಲ.

"ಎಷ್ಟು ಹಾಯಾಗಿದೆ ನೋಡಿ ಈಗ," ಎಂದಳು ಹೆಂಡತಿ.

ಸದ್ದಪ್ಪ ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟ. ವಿಷಯ ತಿಳಿದು ಕೆಳಮನೆಯ ಬಡಗಿ ಬಂದ. ಎಣ್ಣೆ ಕುಡಿದ ಕೀಲು, ಮುನಿಸಿಕೊಂಡ ನೆಂಟ, ಎರಡನ್ನೂ ಮತ್ತೆ ಬಾಯಿ ಬಿಡಿಸುವುದು ಸುಲಭವಲ್ಲ ಎಂದು ಪೀಠಿಕೆ ಹಾಕಿ, ಬೂದಿ ತಿಕ್ಕಿದ, ಮರಳು ತಿಕ್ಕಿದ, ಕೊನೆಗೆ ಸುತ್ತಿಗೆಯಿಂದ ಒಂದು ಕೊಟ್ಟ. ಬಾಗಿಲು ಚೌಕಟ್ಟು ಬಿಟ್ಟು ಸದ್ದಪ್ಪನ ಮೇಲೆ ಒರಗಿತು. ಆಗ ಬಂದ ಸದ್ದು ಚೆನ್ನಾಗಿತ್ತು. ಆದರೆ ಅದು ಸದ್ದಪ್ಪನದು.

ಅಷ್ಟರಲ್ಲಿ ಮೇಲ್ಮನೆಯ ನಿವೃತ್ತ ಮೇಷ್ಟ್ರು ಇಳಿದು ಬಂದರು. ತಮ್ಮ ಮಂಡಿಗಳಿಗಿಂತ ಭಯಂಕರವಾದ ಸದ್ದು ಲೋಕದಲ್ಲಿಲ್ಲ ಎಂದು ಅವರ ವಾದ. ಮೈಕಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಒಣ ಕಡ್ಡಿ ಮುರಿದಂತೆ ಒಂದು ಲಟಕ್ಕು, ಅಷ್ಟೇ. ಆಮೇಲೆ ಅವರನ್ನು ಎಬ್ಬಿಸಲು ಮೂವರು ಬೇಕಾಯಿತು.

ಪಕ್ಕದ ಮನೆಯ ಅಕ್ಕ ಸುಮ್ಮನಿರುತ್ತಾಳೆಯೆ? ಅತ್ತೆಯ ಮಂಚವನ್ನು ಎತ್ತಿಸಿಕೊಂಡೇ ಬಂದಳು. ಮಂಚದ ಮೇಲೆ ಅತ್ತೆಯೂ ಇದ್ದರು.

"ಅವರನ್ನ ಯಾಕಕ್ಕ ತಂದೆ?" ಎಂದ ಸದ್ದಪ್ಪ.

"ಅವರು ಮಲಗಿದ್ರೇನೇ ಅದು ಕಿರುಗುಟ್ಟೋದು. ಖಾಲಿ ಮಂಚಕ್ಕೆ ಮಾತೇ ಬರಲ್ಲ."

ನಿಜವೇ. ಮಂಚವನ್ನು ಮೆಲ್ಲಗೆ ಅಲುಗಿಸಿದಾಗ ಹೊರಟ ಸದ್ದಿಗೆ ಬಡಗಿಯ ತೋಳಿನ ಕೂದಲು ನಿಂತಿತು. ತೊಂದರೆಯೆಂದರೆ, ಅಲುಗಿಸಿದಾಗಲೆಲ್ಲ ಮುದುಕಿ, ಯಾರಪ್ಪ ಅದು, ಊಟ ಆಯ್ತಾ, ಎಂದು ವಿಚಾರಿಸುತ್ತಿದ್ದರು. ಅವರಿಗೆ ನಿದ್ದೆ ಬರುವವರೆಗೆ ಎಲ್ಲರೂ ಕಾದರು. ಆಮೇಲೆ ಇಡೀ ಕಟ್ಟಡ ಬಾಯಿಗೆ ಬೀಗ ಹಾಕಿತು. ಸದ್ದಪ್ಪ ಧ್ವನಿ ಮುದ್ರಿಸುವ ಯಂತ್ರ ಚಾಲೂ ಮಾಡಿ, ಎರಡೂ ಕೈ ಮಂಚಕ್ಕೆ ಕೊಟ್ಟು, ರೂಢಿಯಂತೆ ಕಣ್ಣು ಮುಚ್ಚಿ, ದೇವರನ್ನು ನೆನೆದು ಅಲುಗಿಸಿದ. ನೂರು ವರ್ಷದ ದುಃಖವೊಂದು ಬಾಯಿ ತೆರೆದ ಹಾಗಿತ್ತು. ಹೆಂಡತಿಯೇ ಎರಡು ಹೆಜ್ಜೆ ಹಿಂದೆ ಸರಿದಳು.

ಮತ್ತೆ ಕೇಳಿ ನೋಡಲು ಪುರುಸೊತ್ತಿರಲಿಲ್ಲ. ನಿರ್ಮಾಪಕರು ಸ್ಟುಡಿಯೋಗೆ ಆಗಲೇ ಬಂದಿದ್ದಾರೆಂದು ಫೋನು ಬಂತು. ಕೈಗೆ ಸಿಕ್ಕ ಸಾಮಾನನ್ನೆಲ್ಲ ಚೀಲಕ್ಕೆ ತುಂಬಿ ಸದ್ದಪ್ಪ ಓಡಿದ. ತಮ್ಮ ತಮ್ಮ ಪಾಲಿನ ಸದ್ದು ಕೇಳಲು ಬಡಗಿ, ಮೇಷ್ಟ್ರು, ಅಕ್ಕ ಹಿಂದೆಯೇ ಹೊರಟರು.

ನಿರ್ಮಾಪಕರು ಭಾರಿ ಆಳು. ದೆವ್ವದ ಸಿನಿಮಾದಲ್ಲಿ ಬರುವಷ್ಟು ಒಳ್ಳೆಯ ನಿದ್ದೆ ತಮಗೆ ಮನೆಯಲ್ಲೂ ಬರುವುದಿಲ್ಲ ಎಂದು ಹೇಳಿ ಕಾಲು ಚಾಚಿದರು. ನಿರ್ದೇಶಕ ಅವಸರದಲ್ಲಿ ಸದ್ದನ್ನು ದೃಶ್ಯಕ್ಕೆ ಜೋಡಿಸಿದ. ದೀಪ ಆರಿತು.

ಕ್ಯಾಮೆರಾ ತೆವಳಿತು. ಬೆನ್ನು ತಿರುಗಿಸಿದ ಪಟಗಳು ಬಂದವು, ಒಂಟಿ ಚಪ್ಪಲಿ ಬಂತು. ಬಾಗಿಲಡಿಯ ಪಾದಗಳೂ ಬಂದವು. ಸದ್ದು ಮಾತ್ರ ಬರಲಿಲ್ಲ. ಸದ್ದಪ್ಪನ ಕೈ ಗಾಬರಿಯಲ್ಲಿ ಚೀಲಕ್ಕೆ ಹೋಯಿತು. ಅಲ್ಲಿ ಮೈಕಿನ ವೈರು ಅಚ್ಚುಕಟ್ಟಾಗಿ ಸುರುಳಿ ಸುತ್ತಿ ಕೂತಿತ್ತು. ಹಿಂದಿನ ಸಾಲಿನಿಂದ ಅಕ್ಕ ಬಾಗಿ ಪಿಸುಗುಟ್ಟಿದಳು:

"ನೀನು ಕಣ್ಣು ಮುಚ್ಚಿದ್ದಾಗ ನಾನೇ ಕಿತ್ತು ಸುತ್ತಿಟ್ಟೆ ಕಣೋ. ಯಾರಾದ್ರೂ ಎಡವಿ ಬಿದ್ದು ಸದ್ದಾದ್ರೆ ಕಷ್ಟ ಅಂತ."

ತೆರೆಯ ಮೇಲೆ ಬಾಗಿಲು ಅಲುಗಿತು. ಈಗ ಕೇಳಿಸುತ್ತದೆ, ಈಗ ಕೇಳಿಸುತ್ತದೆ ಎಂದು ಕಾದ ಕಿವಿಗಳು ಬಾವಿಗೆ ಬಿಟ್ಟ ಕೊಡದ ಹಾಗೆ ಇಳಿಯುತ್ತಲೇ ಹೋದವು, ನೀರು ಸಿಗಲಿಲ್ಲ. ಅವರವರ ಎದೆಯ ಬಡಿತ ಅವರವರಿಗೇ ಕೇಳತೊಡಗಿತು. ಬಾಗಿಲು ಪೂರ್ತಿ ತೆರೆಯಿತು, ಸದ್ದಿಲ್ಲದೆ.

ನಿರ್ಮಾಪಕರು ಚೀರಿ, ಎರಡೂ ಕಾಲು ಕುರ್ಚಿಯ ಮೇಲಿಟ್ಟುಕೊಂಡು, ದೀಪ ಹಾಕಿ ದೀಪ ಹಾಕಿ ಎಂದು ಗೋಗರೆದರು. ದೀಪ ಬಂದ ಮೇಲೂ ಸ್ವಲ್ಪ ಹೊತ್ತು ನಿರ್ದೇಶಕನ ಕೈ ಬಿಡಲಿಲ್ಲ.

"ಇಷ್ಟು ವರ್ಷದಲ್ಲಿ ನನ್ನ ಹೆದರಿಸಿದವನು ನೀನೊಬ್ಬನೇ ಕಣಯ್ಯ," ಎಂದರು ಸದ್ದಪ್ಪನಿಗೆ, ಬೆವರು ಒರೆಸಿಕೊಳ್ಳುತ್ತ.

ಸದ್ದಪ್ಪನಿಗೆ ಹೋದ ಜೀವ ಬಂತು. "ಹಾಗಾದ್ರೆ ಇಡೀ ಸಿನಿಮಾ ನನಗೇ ತಾನೆ, ಯಜಮಾನ್ರೆ?"

"ನಿನಗೇ. ಕೊಟ್ಟ ಮಾತಿಗೆ ತಪ್ಪೋನಲ್ಲ ನಾನು. ಕೊನೇವರೆಗೂ ಹೀಗೇ ಇರಲಿ. ಒಂದೇ ಒಂದು ಸದ್ದು ಬೇಡ."

ನಿರ್ದೇಶಕ ಬಂದು ಅಪ್ಪಿಕೊಂಡ. ಪರದೆಯ ಮೇಲೆ ಸದ್ದಪ್ಪನ ಹೆಸರನ್ನು ಎಲ್ಲರಿಗಿಂತ ದೊಡ್ಡದಾಗಿ ಹಾಕುವುದಾಗಿ ಆಣೆಯಿಟ್ಟ. ನಾಳೆ ಕೆಲಸಕ್ಕೆ ಎಷ್ಟು ಹೊತ್ತಿಗೆ ಬರಲಿ ಎಂದು ಸದ್ದಪ್ಪ ವಿನಯದಿಂದ ಕೇಳಿದ.

"ದಯವಿಟ್ಟು ಈ ಕಡೆ ಬರಬೇಡಿ ಅಣ್ಣ," ಎಂದ ನಿರ್ದೇಶಕ. "ನೀವು ಬಂದ್ರೆ ಸದ್ದಾಗುತ್ತೆ."