ಚಿಕ್ಕಪ್ಪನ ಬಂಗಾರದ ಕಾರ್ಡು

ಹೋಟೆಲಿನ ಬಾಗಿಲಲ್ಲಿ ನಿಂತವರು ಬಂದವರಿಗೆಲ್ಲ ಕೈಮುಗಿಯುವುದನ್ನು ನೀವು ನೋಡಿರುತ್ತೀರಿ. ನಮ್ಮ ಚಿಕ್ಕಪ್ಪನಿಗೂ ಮುಗಿಯುತ್ತಿದ್ದರು. ಆದರೆ ಅದರಲ್ಲಿ ಸ್ವಾಗತಕ್ಕಿಂತ ‘ಇವತ್ತೊಂದಿನ ನಮ್ಮನ್ನು ಬಿಟ್ಟುಬಿಡಿ ಸ್ವಾಮೀ’ ಎಂಬ ಪ್ರಾರ್ಥನೆಯೇ ಹೆಚ್ಚಾಗಿರುತ್ತಿತ್ತು! ದುಡ್ಡು ಕೊಟ್ಟು ಉಳಿಯುವ ಗಿರಾಕಿಯನ್ನು ಕಂಡು ಹೋಟೆಲಿನವರೇ ಹೆದರುವುದೆಂದರೆ ಸಾಮಾನ್ಯದ ಮಾತೇ? ನಮ್ಮ ವಂಶದಲ್ಲಿ ಆ ಸಾಧನೆ ಮಾಡಿದವರು ಅವರೊಬ್ಬರೇ.

ಚಿಕ್ಕಪ್ಪನ ಮನೆಯಿರುವುದು ಕಳಸದಿಂದ ಹೊರನಾಡಿಗೆ ಹೋಗುವ ದಾರಿಯಲ್ಲಿ, ರಸ್ತೆಗೆ ಅಂಟಿಕೊಂಡಂತೆ. ಕೆಲಸ ಕಾಫಿ ಸ್ಯಾಂಪಲಿನದು. ತೊಂಬತ್ತರ ದಶಕದಲ್ಲಿ ಬೆಳೆಗಾರರು ತಮ್ಮ ಕಾಫಿಯನ್ನು ತಮಗೆ ಬೇಕಾದವರಿಗೆ ಮಾರಬಹುದು ಎಂದಾಯಿತಲ್ಲ, ಆಗ ಸುತ್ತಮುತ್ತಲಿನ ಸಣ್ಣ ತೋಟದವರೆಲ್ಲ ಒಂದೊಂದು ಪೊಟ್ಟಣ ಬೀಜ ಇವರ ಕೈಗಿತ್ತು, “ಒಳ್ಳೆ ರೇಟು ಯಾರು ಕೊಡ್ತಾರೆ ಕೇಳ್ಕೊಂಡು ಬನ್ನಿ” ಎನ್ನತೊಡಗಿದರು. ಚಿಕ್ಕಪ್ಪ ಪೊಟ್ಟಣಗಳ ಚೀಲವನ್ನು ಹೆಗಲಿಗೇರಿಸಿ ಮಂಗಳೂರು, ಹಾಸನ, ಬೆಂಗಳೂರು ಎಂದು ವ್ಯಾಪಾರಿಗಳ ಮನೆಬಾಗಿಲು ಸುತ್ತುತ್ತಿದ್ದರು. ಹೀಗಿರುವಾಗ ಎರಡು ಸಾವಿರದ ಆಸುಪಾಸಿನಲ್ಲಿ, ಆ ಮೂರೂ ಊರುಗಳಲ್ಲಿ ಶಾಖೆಯಿದ್ದ ಒಂದು ಹೋಟೆಲಿನವರು ಇವರಿಗೊಂದು ಕಾರ್ಡು ಕೊಟ್ಟರು. ಉಳಿದುಕೊಂಡಷ್ಟೂ ಪಾಯಿಂಟು, ಪಾಯಿಂಟು ಸಾಕಷ್ಟಾದರೆ ಪುಕ್ಕಟೆ ರೂಮು. ಆ ಹೋಟೆಲಿನವರು ಮಾಡಿಕೊಂಡ ದೊಡ್ಡ ಎಡವಟ್ಟು ಅದು.

ಕಾರ್ಡಿನ ಜೊತೆ ಒಂದು ಬಣ್ಣದ ಪುಸ್ತಿಕೆಯಿತ್ತು. ಅದರ ಕೊನೆಯ ಪುಟದಲ್ಲಿ ಮಂಗಳೂರಿನಾಚೆ ಕಡಲ ದಂಡೆಯಲ್ಲಿದ್ದ, ಅದೇ ಹೋಟೆಲಿನವರ ದೊಡ್ಡ ಅರಮನೆಯಂಥ ಕಟ್ಟಡದ ಚಿತ್ರ. ನಾನು ಮೂಡಿಗೆರೆಯಲ್ಲಿ ಮೇಷ್ಟರಿಕೆ ಮಾಡುತ್ತಿದ್ದವಳು ರಜೆಗೆಂದು ಅವರ ಮನೆಗೆ ಹೋಗಿದ್ದೆ. ಊಟದ ಹೊತ್ತಿನಲ್ಲಿ ಚಿಕ್ಕಪ್ಪ ಆ ಚಿತ್ರವನ್ನು ಎಲ್ಲರಿಗೂ ಎತ್ತಿ ತೋರಿಸಿ ಘೋಷಣೆ ಮಾಡಿಯೇಬಿಟ್ಟರು.

“ನಿನ್ನ ಚಿಕ್ಕಮ್ಮನ್ನ ಇಲ್ಲಿಗೆ ಕರ್ಕೊಂಡು ಹೋಗ್ತೀನಿ ನೋಡು. ಮದುವೆಯಾಗಿ ಬಂದಾಗಿಂದ ಬಡಿಸಿದ್ದೇ ಬಡಿಸಿದ್ದು. ಒಂದು ಸಲನಾದ್ರೂ ಇವ್ಳು ಕೂತ್ಕೋಬೇಕು, ಬೇರೆಯವ್ರು ಬಡಿಸ್ಬೇಕು!”

ಸಾರಿನ ಪಾತ್ರೆ ಹಿಡಿದು ನಿಂತಿದ್ದ ಚಿಕ್ಕಮ್ಮ, “ಮೊದ್ಲು ಕೈ ತೆಗೀರಿ, ಸಾರು ಬಿಸಿಯಿದೆ” ಎಂದರು, ಅಷ್ಟೆ.

ಚಿಕ್ಕಮ್ಮನ ಕಥೆ ಹೇಳದಿದ್ದರೆ ಈ ಘೋಷಣೆಯ ತೂಕ ನಿಮಗೆ ಗೊತ್ತಾಗುವುದಿಲ್ಲ. ಹೊರನಾಡಿನ ದಾರಿಯಲ್ಲಿ ಮನೆಯಿದ್ದ ಮೇಲೆ ಕೇಳಬೇಕೇ? ದೇವರ ದರ್ಶನಕ್ಕೆ ಹೊರಟ ನೆಂಟರು, ನೆಂಟರ ನೆಂಟರು, ‘ನಿಮ್ಮ ಅಣ್ಣನ ಜೊತೆ ಓದಿದವರು’ ಎಲ್ಲರೂ ಇಲ್ಲಿ ಇಳಿಯಲೇಬೇಕು. ಹೋಗುವಾಗ ಕಾಫಿ ತಿಂಡಿ, ಬರುವಾಗ ಊಟ. ನಮ್ಮವರಲ್ಲಿ ಎಷ್ಟೋ ಮಂದಿಗೆ ದೇವಿಯ ಮೇಲಿನ ಭಕ್ತಿಗಿಂತ ಚಿಕ್ಕಮ್ಮನ ಪತ್ರೊಡೆಯ ಮೇಲೇ ಭಕ್ತಿ ಜಾಸ್ತಿ ಎಂದು ನನಗೆ ಆಗಲೂ ಅನುಮಾನವಿತ್ತು, ಈಗಲೂ ಇದೆ. ಬಂದವರನ್ನು ಉಣ್ಣಿಸದೆ ಕಳಿಸುವ ಪದ್ಧತಿ ಆ ಮನೆಯಲ್ಲಿಲ್ಲ. ಹಾಗಾಗಿ ಬೀಗ ಹಾಕುವ ಪದ್ಧತಿಯೂ ಇಲ್ಲ. ಚಿಕ್ಕಮ್ಮ ಬೇರೆ ಊರಿನಲ್ಲಿ ಒಂದು ರಾತ್ರಿ ಉಳಿದವರೇ ಅಲ್ಲ. ತವರಿಗೆ ಹೋದರೂ ಸಂಜೆ ಬಸ್ಸಿಗೆ ವಾಪಸ್ಸು.

ಚಿಕ್ಕಪ್ಪ ಪಾಯಿಂಟು ಕೂಡಿಸುವ ಕಾಯಕಕ್ಕೆ ಇಳಿದರು. ಅದಕ್ಕೊಂದು ಶಾಸ್ತ್ರವನ್ನೇ ಕಟ್ಟಿದರು. ಪಾಯಿಂಟು ಕೊಟ್ಟು ಫ್ಲಾಸ್ಕು, ಇಸ್ತ್ರಿಪೆಟ್ಟಿಗೆ ತೆಗೆದುಕೊಳ್ಳುವವರು ಮೂರ್ಖರು. ಪಾಯಿಂಟು ರೂಮಿಗೇ ಸಲ್ಲಬೇಕು. ಅದೂ ರೂಮಿನ ಬಾಡಿಗೆ ಕಡಿಮೆಯಿರುವಾಗ ಅಲ್ಲ, ಡಿಸೆಂಬರಿನಲ್ಲಿ ಬಾಡಿಗೆ ಆಕಾಶಕ್ಕೆ ಏರಿರುವಾಗ. ರೂಮಿಗೆ ಕೇಳುವ ಪಾಯಿಂಟು ಆಗಲೂ ಅಷ್ಟೇ ತಾನೇ? ಇನ್ನೊಂದು ಸೂಕ್ಷ್ಮವನ್ನು ಪುಸ್ತಿಕೆಯ ಸಣ್ಣ ಅಕ್ಷರದಲ್ಲಿ ಅವರೇ ಪತ್ತೆ ಮಾಡಿದ್ದರು: ಪ್ರತಿ ಸಲ ಹೊಸದಾಗಿ ಬಂದು ಇಳಿದಾಗಲೂ ಒಂದಿಷ್ಟು ಪಾಯಿಂಟು ಹೆಚ್ಚುವರಿ. ಎರಡು ದಿನ ಒಟ್ಟಿಗೆ ಉಳಿದರೆ ಅದು ಒಂದೇ ಸಲ ಸಿಗುತ್ತದೆ. ಹಾಗಾದರೆ?

ಹಾಗಾದರೆ ಏನು, ಚಿಕ್ಕಪ್ಪ ಬೆಳಿಗ್ಗೆ ಎದ್ದು ಸ್ನಾನ ಮುಗಿಸಿ, ರೂಮು ಖಾಲಿ ಮಾಡಿ, ಬೀಗದ ಕೈ ಒಪ್ಪಿಸಿ, ಚೀಲ ಹೊತ್ತುಕೊಂಡು ಹೊರಗೆ ನಡೆಯುತ್ತಿದ್ದರು. ಎದುರಿನ ಗೂಡಂಗಡಿಯಲ್ಲಿ ಒಂದು ಚಹಾ. ಆಮೇಲೆ ಅದೇ ಚೀಲ ಹೊತ್ತು ಅದೇ ಬಾಗಿಲಿನಿಂದ ಒಳಗೆ ಬಂದು, ಕೌಂಟರಿನಲ್ಲಿದ್ದ ಅದೇ ಹುಡುಗಿಯ ಮುಂದೆ ನಿಂತು, “ರೂಮ್ ಇದೆಯೇನಮ್ಮಾ?” ಎನ್ನುತ್ತಿದ್ದರು!

“ಸರ್, ಈಗ ತಾನೇ ಹೋದ್ರಲ್ಲ?”

“ಹೋದೆ. ಈಗ ಬಂದೆ. ದಾರಿ ಚೆನ್ನಾಗಿತ್ತು.”

ಆ ಹುಡುಗಿ ಬೇರೆ ಶಾಖೆಗೆ ವರ್ಗ ಮಾಡಿಸಿಕೊಂಡಳೆಂದು ಕೇಳಿದ್ದೇನೆ. ಪಾಪ, ಅಲ್ಲಿಗೂ ಚಿಕ್ಕಪ್ಪ ಹೋಗುತ್ತಿದ್ದರು.

ನಿಜವಾದ ಫಜೀತಿಯಾದದ್ದು ಮಂಗಳೂರಿನಲ್ಲಿ. ಅಲ್ಲಿ ಚಿಕ್ಕಪ್ಪನ ಅಕ್ಕ, ಅಂದರೆ ನನ್ನ ಅತ್ತೆ, ದೊಡ್ಡ ಮನೆ ಕಟ್ಟಿಸಿಕೊಂಡಿದ್ದಾರೆ. ಸ್ವಂತ ಅಕ್ಕನ ಮನೆಯಿರುವ ಊರಿನಲ್ಲಿ ತಮ್ಮ ಹೋಟೆಲಿನಲ್ಲಿ ಮಲಗುವುದೆಂದರೆ ನಮ್ಮಲ್ಲಿ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಜನ ಏನಂದುಕೊಂಡಾರು? ಆದರೆ ಅಕ್ಕನ ಮನೆಯಲ್ಲಿ ಪಾಯಿಂಟು ಕೊಡುವುದಿಲ್ಲವಲ್ಲ! ಚಿಕ್ಕಪ್ಪ ಅದಕ್ಕೂ ಉಪಾಯ ಹುಡುಕಿದರು. ಅಕ್ಕನ ಮನೆಯಲ್ಲಿ ಹೊಟ್ಟೆ ತುಂಬ ಉಂಡು, “ಕೊನೇ ಬಸ್ಸಿದೆ ಅಕ್ಕಾ, ಬೆಳಿಗ್ಗೆ ಆಲ್ದೂರಲ್ಲಿ ಕೆಲಸ” ಎಂದು ಹೊರಟು, ಎರಡು ಬೀದಿ ದಾಟಿ ಹೋಟೆಲು ಸೇರುತ್ತಿದ್ದರು. ಬಹಳ ದಿನ ನಡೆಯಿತು. ಒಂದು ದಿನ ಯಾರದೋ ನಾಮಕರಣ ಅದೇ ಹೋಟೆಲಿನ ಹಾಲಿನಲ್ಲಿತ್ತು. ಅತ್ತೆ ರೇಷ್ಮೆ ಸೀರೆಯುಟ್ಟು ಒಳಗೆ ಬಂದರೆ, ತಮ್ಮ ಲುಂಗಿಯಲ್ಲಿ ಸೋಫಾದ ಮೇಲೆ ಕೂತು ಪೇಪರು ಓದುತ್ತಿದ್ದಾನೆ!

“ಏನೋ, ನಿನ್ನೆ ಬಸ್ಸು ಸಿಗ್ಲಿಲ್ವಾ?”

ಚಿಕ್ಕಪ್ಪ ಪೇಪರು ಮಡಚಿದರು. “ಸಿಕ್ತಲ್ಲ ಅಕ್ಕಾ. ಇಲ್ಲೇ ಇಳಿಸ್ತು.”

ಅತ್ತೆ ಮಾತು ಬಿಟ್ಟರು. ಹಬ್ಬಕ್ಕೆ ಕರೆಯಲಿಲ್ಲ, ಫೋನು ಎತ್ತಲಿಲ್ಲ. ಚಿಕ್ಕಪ್ಪ ಕೊನೆಗೆ ಅತ್ತೆಯ ಮಗಳ ಮದುವೆಯಲ್ಲಿ ಪ್ರಾಯಶ್ಚಿತ್ತ ಮಾಡಿಕೊಂಡರು. ಗಂಡಿನ ಕಡೆಯವರಿಗೆ ರೂಮಿನ ವ್ಯವಸ್ಥೆಯೆಲ್ಲ ತಮ್ಮದೇ ಎಂದು ಹೊತ್ತುಕೊಂಡು, ಓಡಾಡಿ, ಬೆವರು ಸುರಿಸಿ, ಒಬ್ಬರಿಗೂ ಕೊರತೆಯಾಗದಂತೆ ನೋಡಿಕೊಂಡರು. ಅತ್ತೆ ಕಣ್ಣೀರು ಹಾಕಿಕೊಂಡು, “ಎಷ್ಟಾದ್ರೂ ನನ್ನ ತಮ್ಮ” ಎಂದು ತಬ್ಬಿಕೊಂಡರು. ಆ ರೂಮುಗಳ ಪಾಯಿಂಟಷ್ಟೂ ಚಿಕ್ಕಪ್ಪನ ಕಾರ್ಡಿಗೇ ಬಿದ್ದಿತ್ತೆಂಬುದು ಅತ್ತೆಗೆ ಇವತ್ತಿಗೂ ಗೊತ್ತಿಲ್ಲ. ಆ ಮದುವೆಯಿಂದಲೇ ಚಿಕ್ಕಪ್ಪನ ನೀಲಿ ಕಾರ್ಡು ಬಂಗಾರದ ಬಣ್ಣಕ್ಕೆ ತಿರುಗಿತು!

ಪಾಯಿಂಟೇನೋ ತುಂಬಿತು. ಚಿಕ್ಕಮ್ಮ ಹೊರಡಬೇಕಲ್ಲ? ಮೊದಲ ಸಲ ಚಪ್ಪಲಿ ಮೆಟ್ಟಿಕೊಳ್ಳುವಾಗ ಮೂಡಿಗೆರೆ ಕಡೆಯ ನೆಂಟರ ಜೀಪು ಬಂತು. ಚಿಕ್ಕಮ್ಮ ಚಪ್ಪಲಿ ಬಿಟ್ಟು ಒಲೆ ಹಚ್ಚಿದರು. ಮರುವರ್ಷ ಪೆಟ್ಟಿಗೆ ಬಸ್‌ಸ್ಟ್ಯಾಂಡಿನವರೆಗೂ ಹೋಗಿತ್ತು, ಬಸ್ಸಿನಿಂದ ಇಳಿದವರು ಚಿಕ್ಕಮ್ಮನನ್ನು ಕಂಡು, “ಅಯ್ಯೋ, ನಿಮ್ಮನೆಗೇ ಬಂದ್ವಿ!” ಎಂದರು. ಪೆಟ್ಟಿಗೆ ಅವರ ಜೊತೆಯೇ ಮನೆಗೆ ಮರಳಿತು. ಚಿಕ್ಕಪ್ಪ ಜಗಲಿಯಲ್ಲಿ ಮುಖ ಊದಿಸಿಕೊಂಡು ಕೂತರೆ ಚಿಕ್ಕಮ್ಮ ಒಳಗಿನಿಂದ, “ಅದಕ್ಯಾಕೆ ಬೇಜಾರು? ನಮ್ಮನೆಗೆ ಬರೋರಿಗೂ ಒಂದೊಂದು ಕಾರ್ಡು ಮಾಡ್ಸಿ, ನಿಮ್ಗಿಂತ ಮೊದ್ಲು ಅವ್ರದ್ದು ಬಂಗಾರ ಆಗುತ್ತೆ” ಎಂದು ನಗುತ್ತಿದ್ದರು.

ಅಷ್ಟರಲ್ಲಿ ಹೋಟೆಲಿನವರು ಫೋನು ಮಾಡಿದರು. ಈ ವರ್ಷದ ಕೊನೆಗೆ ಪಾಯಿಂಟುಗಳ ಅವಧಿ ಮುಗಿಯುತ್ತದಂತೆ. ಬಳಸದಿದ್ದರೆ ಎಲ್ಲವೂ ಸೊನ್ನೆಯಂತೆ. ಫೋನಿಟ್ಟ ಚಿಕ್ಕಪ್ಪ ಆವತ್ತು ಊಟವನ್ನೇ ಮಾಡಲಿಲ್ಲ. ಆಮೇಲೆ ನನಗೆ ಫೋನು ಮಾಡಿ, “ಪುಟ್ಟಿ, ಡಿಸೆಂಬರ್ ರಜಕ್ಕೆ ಬಾ. ನೀನೂ ಬರ್ಬೇಕು ಸಮುದ್ರಕ್ಕೆ” ಎಂದರು. ನನ್ನ ಮೇಲೆ ಇಷ್ಟು ಪ್ರೀತಿಯೇ ಎಂದು ನಾನು ಉಬ್ಬಿಹೋದೆ. “ಬಂಗಾರದ ಕಾರ್ಡಿಗೆ ಒಂದು ಹೆಚ್ಚುವರಿ ಮಂಚ ಫ್ರೀ ಮಾರಾಯ್ತಿ, ಸುಮ್ನೆ ಬಿಟ್ಟುಬಿಡೋದಾ?” ಎಂದು ಅವರೇ ಆ ಉಬ್ಬನ್ನು ಇಳಿಸಿದರು.

ಹೊರಡುವ ದಿನ ಬೆಳಿಗ್ಗೆ ಅಂಗಳದಲ್ಲಿ ಆಲ್ದೂರಿನ ನೆಂಟರ ಜೀಪು ನಿಂತಿತು. ತುಂಬು ಜೀಪು. ಚಿಕ್ಕಮ್ಮನ ಕೈ ಆಗಲೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಿತ್ತು. ಚಿಕ್ಕಪ್ಪ ಅಡ್ಡ ನಿಂತರು. ಬಂದವರಲ್ಲಿ ಹಿರಿಯರಾದ ಹೆಂಗಸಿನ ಕೈಗೆ ಮನೆಯ ಬೀಗದ ಕೈ ಗೊಂಚಲು ಕೊಟ್ಟು, “ಅಕ್ಕಿ ಆ ಡಬ್ಬೀಲಿದೆ, ಕಾಯಿ ಅಟ್ಟದ ಮೇಲೆ. ಹಾಲು ಪಕ್ಕದ ಮನೆಯವ್ರು ತರ್ತಾರೆ. ಯಾರಾದ್ರೂ ಬಂದ್ರೆ ಊಟ ಹಾಕಿ ಕಳ್ಸಿ. ನಾವು ನಾಡಿದ್ದು ಬರ್ತೀವಿ” ಎಂದವರೇ, ಹೆಂಡತಿಯ ರಟ್ಟೆ ಹಿಡಿದು ಬಸ್ಸಿಗೆ ನಡೆದರು! ಆಮೇಲೆ ಗೊತ್ತಾಯಿತು, ಅವತ್ತು ಮಧ್ಯಾಹ್ನ ಮತ್ತೆರಡು ಜೀಪು ಬಂದವಂತೆ. ಆಲ್ದೂರಿನವರು ಎಲ್ಲರಿಗೂ ಬೇಯಿಸಿ ಬಡಿಸಿದರಂತೆ. ಮುಂದೆ ಎಷ್ಟೋ ವರ್ಷ ಅವರು ಹೊರನಾಡಿಗೆ ಹೋಗುವಾಗ ಆ ಮನೆಯ ಮುಂದೆ ಜೀಪಿನ ವೇಗ ಹೆಚ್ಚಿಸುತ್ತಿದ್ದರೆಂದು ನೋಡಿದವರು ಹೇಳುತ್ತಾರೆ.

ಬಸ್ಸಿನಲ್ಲಿ ಚಿಕ್ಕಮ್ಮನಿಗೆ ಸಮಾಧಾನವಿಲ್ಲ. ಕುದುರೆಮುಖ ಬಂದಾಗ, “ಹುಣಸೆಹಣ್ಣು ಎಲ್ಲಿದೆ ಅಂತ ಹೇಳ್ಲೇ ಇಲ್ಲ ಕಣ್ರೀ, ಇಳ್ದು ಹೋಗ್ಲಾ?” ಎಂದರು. ಚಿಕ್ಕಪ್ಪ ಕಿಟಕಿಯ ಪಕ್ಕ ಅವರನ್ನು ಕೂರಿಸಿ, ತಾವು ಈಚೆ ಬದಿಯಲ್ಲಿ ಕಾಲು ಚಾಚಿ ದಾರಿ ಮುಚ್ಚಿದರು.

ಹೋಟೆಲು ಸೇರಿದ ಮೇಲೂ ಅದೇ ಕಥೆ. ಎಳನೀರು ತಂದುಕೊಟ್ಟವನಿಗೆ ಚಿಕ್ಕಮ್ಮ, “ನಿಂದು ಊಟ ಆಯ್ತೇನಪ್ಪ?” ಎಂದು ಕೇಳಿದರು. ಮಂಚದ ಬೆಡ್‌ಶೀಟು ತೆಗೆದು ಕೊಡವಿ ಮತ್ತೆ ಹಾಸಿದರು. ಊಟದ ಹಾಲಿನಲ್ಲಿ ಬಡಿಸುವವನು ಪಲ್ಯದ ಪಾತ್ರೆ ಹಿಡಿದು ಬಂದರೆ ಇವರೇ ಎದ್ದು ನಿಂತು ಅದಕ್ಕೆ ಕೈ ಹಾಕಿದರು! ಚಿಕ್ಕಪ್ಪನಿಗೆ ಜೀವವೇ ಹೋದಂತಾಯಿತು.

“ಕೂತ್ಕೊಳೇ ಮಾರಾಯ್ತಿ! ಇಷ್ಟು ವರ್ಷ ಒದ್ದಾಡಿದ್ದು ಎಂತಕ್ಕೆ?”

“ಕೂತ್ರೆ ಗಂಟಲಲ್ಲಿ ಇಳಿಯಲ್ಲ ಕಣ್ರೀ” ಎಂದು ಚಿಕ್ಕಮ್ಮ ತಪ್ಪು ಮಾಡಿದವರ ಹಾಗೆ ಹೇಳಿದರು. ಎರಡು ತುತ್ತು ತಿಂದು ತಟ್ಟೆ ಸರಿಸಿದರು. ಚಿಕ್ಕಪ್ಪನ ಮುಖ ನೋಡಲು ನನಗೇ ಕಷ್ಟವಾಯಿತು.

ಆದರೆ ಅವರು ಸೋಲುವ ಜನವಲ್ಲ. ಬೆಳಗಿನ ತಿಂಡಿ ಬಂಗಾರದ ಕಾರ್ಡಿನವರಿಗೆ ಫ್ರೀ, ಬೇಕಾದಷ್ಟು ತಿನ್ನಬಹುದು, ಹತ್ತೂವರೆಗೆ ಬಾಗಿಲು ಹಾಕುತ್ತಾರೆ. ಚಿಕ್ಕಪ್ಪ ಸಂಜೆಯೇ ಅಡಿಗೆಯವರನ್ನು ವಿಚಾರಿಸಿ ಬಂದು ನಮಗೆ ಪಾಠ ಮಾಡಿದರು. “ಏಳಕ್ಕೇ ಹೋಗಿ ಕೂರ್ಬೇಕು. ಮೊದ್ಲು ಹಣ್ಣು. ಆಮೇಲೆ ತುಪ್ಪದ ದೋಸೆ. ಇಡ್ಲಿ ತಿಂದು ಹೊಟ್ಟೆ ಹಾಳ್ಮಾಡ್ಕೋಬೇಡಿ, ಅದು ಮನೇಲೂ ಸಿಗುತ್ತೆ. ಒಟ್ಟು ಒಂದೂ ಬಿಡೋಹಾಗಿಲ್ಲ!”

ನನಗೆ ಎಚ್ಚರವಾದಾಗ ಪರದೆಯ ಸಂದಿಯಿಂದ ಬಿಸಿಲು ಬಂದು ನನ್ನ ಫ್ರೀ ಮಂಚದ ಕಾಲಿನ ಮೇಲೆ ಬಿದ್ದಿತ್ತು. ಗಡಿಯಾರ ನೋಡಿ ಗಾಬರಿಯಾಯಿತು. ಚಿಕ್ಕಪ್ಪ ಇರಲಿಲ್ಲ. ಪಕ್ಕದ ದೊಡ್ಡ ಮಂಚದಲ್ಲಿ ಚಿಕ್ಕಮ್ಮ ಕೆನ್ನೆಯಡಿ ಕೈಯಿಟ್ಟುಕೊಂಡು, ಬಾಯಿ ತುಸು ತೆರೆದು ನಿದ್ದೆ ಹೋಗಿದ್ದರು. ಅಂಥ ನಿದ್ದೆ!

ಮೆಲ್ಲಗೆ ಬಾಗಿಲು ತೆರೆದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿ, ತಿಂಡಿಗೆ ಸಂಪೂರ್ಣ ತಯಾರಾಗಿದ್ದ ಚಿಕ್ಕಪ್ಪ ಹೊರಗೆ ಬಾಗಿಲ ಪಕ್ಕದ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಕಸ ಗುಡಿಸುವವಳನ್ನು ಅವರು ಆಗಲೇ ಕೈಸನ್ನೆಯಿಂದ ದೂರ ನಿಲ್ಲಿಸಿದ್ದರು.

“ಚಿಕ್ಕಪ್ಪಾ, ಹತ್ತು ಗಂಟೆ ದಾಟಿತು! ಎಬ್ಬಿಸ್ಲಾ? ತಿಂಡಿ ಮುಗಿಯುತ್ತೆ.”

“ಶ್! ಮುಗೀಲಿ ಬಿಡೆ.”

“ನೀವಾದ್ರೂ ಹೋಗಿ ತಿಂದು ಬನ್ನಿ. ನಾನು ಇರ್ತೀನಿ.”

ಅವರು ಬೇಡವೆಂದು ತಲೆಯಾಡಿಸಿದರು. “ಇವ್ಳು ನಿದ್ದೆ ಮಾಡೋದನ್ನ ನಾನು ನೋಡೇ ಇರ್ಲಿಲ್ಲ ಪುಟ್ಟಿ. ನಾನು ಮಲಗಿದ್ಮೇಲೆ ಮಲಗ್ತಿದ್ಲು, ನಾನು ಏಳೋ ಮೊದ್ಲೇ ಎದ್ದಿರ್ತಿದ್ಲು” ಎಂದರು.

ನಾನು ಬಾಗಿಲು ಮುಂದೆ ಮಾಡಿ ಅವರ ಪಕ್ಕದಲ್ಲೇ ಕೂತೆ. ಕೆಳಗಿನ ಹಾಲಿನಿಂದ ತುಪ್ಪದ ದೋಸೆಯ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಆಮೇಲೆ ಪಾತ್ರೆಗಳನ್ನು ಎತ್ತಿಡುವ ಸದ್ದು. ಆಮೇಲೆ ಹಾಲಿನ ಬಾಗಿಲು ಹಾಕುವ ಸದ್ದು. ಚಿಕ್ಕಪ್ಪ ಅತ್ತ ತಿರುಗಿಯೂ ನೋಡಲಿಲ್ಲ. ಒಳಗಿನಿಂದ ಏನಾದರೂ ಸದ್ದು ಬರುತ್ತದೆಯೇ ಎಂದು ಬಾಗಿಲಿಗೆ ಕಿವಿಗೊಟ್ಟು, ಬರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಮತ್ತೆ ನೆಟ್ಟಗೆ ಕೂತರು.