ಮೂರು ಭಾಷೆಯ ಕಳ್ಳ

ಮುನಿಗಂಗಮ್ಮ ಎರಡು ಹೋತ ಮಾರಿ ಬ್ಯಾಂಕಿಗೆ ಹಾಕಿದ್ದ ದುಡ್ಡನ್ನು ಸೋಮವಾರ ಯಾರೋ ಫೋನು ಮಾಡಿ ತೆಗೆದುಕೊಂಡರು. ಬ್ಯಾಂಕಿನಿಂದ ಮಾತಾಡ್ತಿದ್ದೀವಿ ಅಂದರು. ಫೋನಿಗೆ ಬಂದ ನಂಬರು ಹೇಳಿ ಅಂದರು. ಅವಳು ಮೊಮ್ಮಗಳ ಕೈಲಿ ಓದಿಸಿ ಹೇಳಿದಳು.

ಆ ದುಡ್ಡು ಮೊಮ್ಮಗಳು ಲಿಖಿತಳ ಓಲೆಗೆಂದು ಇಟ್ಟಿದ್ದು. ಕಿವಿ ಚುಚ್ಚಿಸಿದ ದಿನದಿಂದ ಆ ಹುಡುಗಿಯ ಕಿವಿಯಲ್ಲಿ ಪೊರಕೆಕಡ್ಡಿಯೇ ಇತ್ತು. ಮುನಿಗಂಗಮ್ಮನ ಗಂಡ ಕೆಜಿಎಫ್‌ನ ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯಲ್ಲಿ ಭೂಮಿಯೊಳಕ್ಕೆ ಇಳಿದೂ ಇಳಿದೂ ಕೊನೆಗೆ ಕೆಮ್ಮಿ ಕೆಮ್ಮಿ ಸತ್ತವನು. ಅವನು ಒಡೆದ ಕಲ್ಲಿನಿಂದ ಎಲ್ಲೆಲ್ಲಿಯ ಮದುವೆಗಳಿಗೋ ಚಿನ್ನ ಹೋಯಿತು. ಅವನ ಮನೆಗೆ ಬಂದದ್ದು ಕಲ್ಲಿನ ಪುಡಿ ಮಾತ್ರ, ಅದೂ ಎದೆಯೊಳಗೆ ಕೂತುಕೊಂಡು ಬಂತು. ನೂರು ವರ್ಷಕ್ಕೂ ಮೇಲೆ ಈ ನೆಲದಿಂದ ಚಿನ್ನ ಹೊತ್ತುಕೊಂಡು ಹೋದವರು ಯಾರನ್ನೂ ಓಟಿಪಿ ಕೇಳಿರಲಿಲ್ಲ. ಈಗಿನವರು ಕೇಳಿ ತಗೊಳ್ಳುತ್ತಾರೆ. ಅಷ್ಟರ ಮಟ್ಟಿಗೆ ಊರು ಮುಂದುವರಿದಿದೆ ಎನ್ನಬೇಕು.

ಮಗ ಮುನೀಂದ್ರ ಆಂಡರ್ಸನ್‌ಪೇಟೆಯಲ್ಲಿ ತಳ್ಳುಗಾಡಿ ಇಟ್ಟುಕೊಂಡು ಬಂಗಾರಪೇಟೆ ಪಾನಿಪೂರಿ ಮಾರುವವನು. ಬಂಗಾರಪೇಟೆಯ ಪಾನಿ ನೋಡಲು ಕೊಳಾಯಿ ನೀರಿನಷ್ಟು ತಿಳಿ. ನಾಲಗೆಗೆ ಬಿದ್ದಮೇಲೆಯೇ ಅದರ ಖಾರ ಗೊತ್ತಾಗುವುದು. ಮುನೀಂದ್ರನೂ ಹಾಗೆಯೇ ತಿಳಿಯಾದ ಮನುಷ್ಯ, ಖಾರ ಮಾತ್ರ ಯಾರಿಗೂ ಇನ್ನೂ ಸಿಕ್ಕಿರಲಿಲ್ಲ. ಅವನ ಗಾಡಿಯ ಒಂದು ಗಾಲಿ ಎಷ್ಟು ಎಣ್ಣೆ ಕುಡಿಸಿದರೂ ಕಿರ್ರೋ ಎನ್ನುತ್ತಿತ್ತು. ಸಾಯಂಕಾಲ ಊರಿಗಾಮಿನಲ್ಲಿ ಗಣಿ ಕೂಲಿಯವರಿಗೆಂದು ಸಾಲಾಗಿ ಕಟ್ಟಿದ್ದ ಲೈನುಮನೆಗಳ ತಿರುವಿನಲ್ಲಿ ಆ ಸದ್ದು ಕೇಳಿದರೆ ಮುನಿಗಂಗಮ್ಮ ಒಲೆಯ ಮೇಲೆ ಟೀಗೆ ಇಡುತ್ತಿದ್ದಳು.

ಸೋಮವಾರವೇ ಅವನು ಸಹಾಯವಾಣಿಗೆ ಫೋನು ಮಾಡಿ, ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟ. ಪೇದೆ ಬೈರೇಶ್ ಎಲ್ಲ ಬರೆದುಕೊಂಡು, ಬೇಗ ಬಂದಿದ್ದೀಯ, ದುಡ್ಡು ಇನ್ನೂ ಬ್ಯಾಂಕಿಂದ ಬ್ಯಾಂಕಿಗೆ ನೆಗೀತಿರುತ್ತೆ, ಮಧ್ಯದಲ್ಲಿ ಸಿಕ್ಕಿದರೆ ತಿಳಿಸ್ತೀನಿ ಅಂದು ಸ್ಟೇಷನ್ ನಂಬರು ಕೊಟ್ಟ. ಮುನೀಂದ್ರ ಅದನ್ನು ಮನೆಯ ಗೋಡೆಗೆ ಸುಣ್ಣದಲ್ಲಿ ಕುಂಬಳಕಾಯಿ ಗಾತ್ರ ಬರೆದು, ಯಾರ ಮೇಲಾದರೂ ಅನುಮಾನ ಬಂದರೆ ಒತ್ತು ಎಂದು ತಾಯಿಗೆ ಕಲಿಸಿದ.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಪಕ್ಕದ ಮನೆಯಲ್ಲಿ ಸೆಲ್ವರಾಜ್ ಇದ್ದ. ಗಣಿ ಮುಚ್ಚಿ ಕೈಯ ಕೆಲಸ ಹೋದಮೇಲೆ ಬಾಯಿಗೆ ಕೆಲಸ ಕೊಟ್ಟುಕೊಂಡವನು. ಇಡೀ ಲೈನಿಗೆ ಬುದ್ಧಿ ಹೇಳುವುದು, ಮೈಕಿನಲ್ಲಿ ಕೂಗುವುದು ಎರಡೂ ಅವನದೇ.

"ನೆಟ್ಟಲ್ಲಿ ಬಂದ ಕಳ್ಳನ್ನ ನೆಟ್ಟಲ್ಲೇ ಹೊಡೀಬೇಕು ಪಾ," ಅಂದ ಸೆಲ್ವರಾಜ್. "ನೀನು ಕಳ್ಳನ ತರ ಆಕ್ಟ್ ಮಾಡು. ಅವನು ಹೆಂಗೆ ಮಾತಾಡ್ತಾನೆ ಅಂತ ಮೊದ್ಲು ತೋರ್ಸು. ಆಮೇಲೆ ಇದೆಲ್ಲ ಸುಳ್ಳು ಅಂತ ಹೇಳು. ಜನ ಉಷಾರಾಗ್ತಾರೆ."

ಆ ಲೈನಿನಲ್ಲಿ ಒಂದು ಪದ್ಧತಿ ಇದೆ. ನೀರಿನ ಟ್ಯಾಂಕರು ಬರಲಿ, ಯಾರಾದರೂ ಸಾಯಲಿ, ಏನು ಸಾರಿದರೂ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಸಾರಬೇಕು. ಒಮ್ಮೆ ಗಂಟಲು ಕಟ್ಟಿ ಸೆಲ್ವರಾಜ್ ಟ್ಯಾಂಕರಿನ ಸುದ್ದಿಯನ್ನು ಎರಡೇ ಭಾಷೆಯಲ್ಲಿ ಕೂಗಿದ್ದಕ್ಕೆ ತೆಲುಗಿನವರು ಖಾಲಿ ಕೊಡ ಹಿಡಿದುಕೊಂಡು ಅವನ ಮನೆ ಬಾಗಿಲಿಗೆ ಬಂದು ನಿಂತಿದ್ದರು. ಅದರಿಂದ ಕಳ್ಳನೂ ಮೂರು ಭಾಷೆಯಲ್ಲಿ ಮಾತಾಡಲೇಬೇಕು ಎಂದು ತೀರ್ಮಾನವಾಯಿತು.

ಗುರುವಾರ ಬೆಳಿಗ್ಗೆ ಹೆಂಡತಿ ತ್ರಿವೇಣಿ ಗಾರ್ಮೆಂಟ್ಸ್ ಕೆಲಸಕ್ಕೆ ರೈಲು ಹತ್ತಿದ ಮೇಲೆ, ಲಿಖಿತ ಸ್ಕೂಲಿಗೆ ಹೋದಮೇಲೆ, ಮುನೀಂದ್ರ ಸೆಲ್ವರಾಜನ ಮದುವೆಯ ಕೋಟು ತೊಟ್ಟ. ನುಸಿಗುಳಿಗೆಯ ವಾಸನೆ ಹೊಡೆಯುತ್ತಿದ್ದ ಆ ಕೋಟಿಗೆ ಏನು ಶಕ್ತಿಯೋ, ತೊಟ್ಟ ತಕ್ಷಣ ಮುನೀಂದ್ರನ ಬೆನ್ನು ನೆಟ್ಟಗಾಯಿತು, ದನಿ ಬೆಣ್ಣೆಯಾಯಿತು. ಕನ್ನಡದಲ್ಲಿ ಬ್ಯಾಂಕ್ ಮೇನೇಜರನ ಹಾಗೆ ಗದರಿಸಿದ. ತಮಿಳಿನಲ್ಲಿ ಸ್ವಂತ ತಮ್ಮನ ಹಾಗೆ ಮರುಗಿದ. ತೆಲುಗಿನಲ್ಲಿ ಎಷ್ಟು ಸವಿಯಾಗಿ "ಅಕ್ಕಾ, ಆ ನಂಬರೊಕ್ಕಟಿ ಚೆಪ್ಪಕ್ಕಾ" ಅಂದನೆಂದರೆ ಫೋನು ಹಿಡಿದಿದ್ದ ಸೆಲ್ವರಾಜನಿಗೇ ಯಾವುದಾದರೂ ನಂಬರು ಹೇಳಿಬಿಡೋಣ ಅನಿಸಿತು.

ಆಮೇಲೆ ಕೋಟು ಬಿಚ್ಚಿ ಎಸೆದು ತನ್ನ ದನಿಯಲ್ಲೇ ಶುರುಮಾಡಿದ. ಇದೆಲ್ಲ ಸುಳ್ಳು, ಯಾರನ್ನೂ ನಂಬಬೇಡಿ, ಗೊತ್ತಿಲ್ಲದ ನಂಬರು ಎತ್ತಬೇಡಿ. ತಾಯಿಯ ನೆನಪಾಗಿ ಮಾತು ಇನ್ನೂ ಬೆಳೆಯಿತು. ಹೋದ ದುಡ್ಡು ವಾಪಸ್ ಕೊಡಿಸ್ತೀನಿ ಅಂತ ಇನ್ನೊಬ್ಬ ಕಳ್ಳ ಬರ್ತಾನೆ, ಅವನ ಕೈಗೆ ಕಾರ್ಡು ಕೊಡಬೇಡಿ, ಹೆಬ್ಬೆಟ್ಟು ಒತ್ತಬೇಡಿ. ಪೊಲೀಸ್ ಬಟ್ಟೆಯಲ್ಲಿ ಬಂದರೂ ನಂಬಬೇಡಿ. ಈಗ ಕಂಪ್ಯೂಟರಲ್ಲಿ ನಿಮ್ಮ ಮಗನ ಮುಖ, ಮಗನ ದನಿ ಎಲ್ಲ ಮಾಡ್ತಾರೆ, ಮಗನೇ ಬಂದು ಕೇಳಿದರೂ ಬಾಗಿಲು ತೆಗೀಬೇಡಿ. ಇಷ್ಟನ್ನೂ ಮೂರು ಭಾಷೆಯಲ್ಲಿ ಹೇಳಿ ಬೆವರು ಒರೆಸಿಕೊಂಡ.

ಮೊದಲು ತಾಯಿಗೆ ತೋರಿಸಿದ. ಮುನಿಗಂಗಮ್ಮ ರಾಗಿ ಕೇರುವುದು ಬಿಟ್ಟು ನೋಡಿದಳು. ಇನ್ನೊಂದು ಸಲ ಹಾಕಿಸಿಕೊಂಡಳು. ಮತ್ತೂ ಒಂದು ಸಲ. ಮಗನ ಬಾಯಿಂದ ಇಷ್ಟೊಂದು ಮಾತು ಒಟ್ಟಿಗೆ ಬಂದದ್ದನ್ನು ಅವಳು ಕಂಡೇ ಇರಲಿಲ್ಲ.

"ಸರ್ಯಾಗ್ ಏಳಿದ್ದೀಯ ಕಣ್ಲಾ," ಅಂದಳು. "ನನ್ ಫೋನಿಗೂ ಆಕು."

ಹಾಕಿದ. ಆಮೇಲೆ ಅದನ್ನೇ ತನ್ನ ವಾಟ್ಸಾಪ್ ಸ್ಟೇಟಸ್ಸಿಗೂ ಏರಿಸಿ, ಕಿರ್ರೋ ಎಂದು ಗಾಡಿ ತಳ್ಳಿಕೊಂಡು ಆಂಡರ್ಸನ್‌ಪೇಟೆಗೆ ಹೊರಟ.

ಪೇಟೆಯಲ್ಲಿ ಗಾಡಿ ನಿಲ್ಲಿಸಿ ಆಲೂಗಡ್ಡೆ ಹಿಸುಕುವಾಗಲೇ ಏನೋ ಸರಿಯಿಲ್ಲ ಅನಿಸಿತು. ದಿನಾ ನಮಸ್ಕಾರ ಅನ್ನುತ್ತಿದ್ದ ಜನ ಜೇಬು ಮುಟ್ಟಿ ನೋಡಿಕೊಂಡು ದಾಟಿ ಹೋಗುತ್ತಿದ್ದರು. ಪಕ್ಕದಲ್ಲಿ ಹೂ ಮಾರುವ ಮುನಿರತ್ನಮ್ಮ ತನ್ನ ಫೋನನ್ನು ಮೊಗ್ಗಿನ ಕುಕ್ಕೆಯ ಅಡಿಗೆ ತಳ್ಳಿ ಕುಕ್ಕೆಯನ್ನು ತಬ್ಬಿಕೊಂಡು ಕೂತಳು. ಕಾಲೇಜಿನ ಇಬ್ಬರು ಹುಡುಗಿಯರು ಎರಡು ಪ್ಲೇಟು ತಿಂದು, ಗಾಡಿಗೆ ಅಂಟಿಸಿದ್ದ ಕ್ಯೂಆರ್ ಚೀಟಿಯನ್ನು ನೋಡಿ, ಅವನ ಮುಖ ನೋಡಿ, ಸ್ಕ್ಯಾನ್ ಮಾಡಿದರೆ ಅಕೌಂಟು ಖಾಲಿಯಾಗುತ್ತದಂತೆ ಎಂದು ತಮ್ಮತಮ್ಮಲ್ಲೇ ಪಿಸುಗುಟ್ಟಿ, ದುಡ್ಡು ಕೊಡದೆ ಹಾಗೇ ನಡೆದುಹೋದರು. ಫೋನಿಗೆ ಗೊತ್ತಿಲ್ಲದ ನಂಬರುಗಳಿಂದ ಕರೆಯ ಮೇಲೆ ಕರೆ. ಗೊತ್ತಿಲ್ಲದ ನಂಬರು ಎತ್ತಬಾರದೆಂದು ಬೆಳಿಗ್ಗೆ ತಾನೇ ಹೇಳಿದ್ದರಿಂದ ಅವನು ಒಂದನ್ನೂ ಎತ್ತಲಿಲ್ಲ.

ಆಟೋ ಓಡಿಸುವ ವೆಂಕಿ ಬಂದು ಗಾಡಿಗೆ ಒರಗಿಕೊಂಡ.

"ಏನಣ್ಣ, ಒಳ್ಳೆ ಲೈನ್ ಹಿಡಿದಿದ್ದೀಯ. ಪಾನಿಪೂರಿ ಸುಮ್ನೆ ತೋರಿಕೆಗಾ?"

ಅವನ ಫೋನಿನಲ್ಲಿ ಮುನೀಂದ್ರ ಕೋಟು ತೊಟ್ಟು ಮೂರು ಭಾಷೆಯಲ್ಲಿ ನಂಬರು ಕೇಳುತ್ತಿದ್ದ. ಅಕ್ಕಾ ಚೆಪ್ಪಕ್ಕಾ ಎಂಬಲ್ಲಿಗೆ ವಿಡಿಯೊ ಮುಗಿಯಿತು. ಕೋಟು ಬಿಚ್ಚುವುದೇ ಇರಲಿಲ್ಲ. ಸ್ಟೇಟಸ್ಸಿಗೆ ಹಿಡಿಯುವುದು ಇಷ್ಟೇ ಉದ್ದ ಎಂದು ಒಂದು ಅಳತೆ ಇರುತ್ತದೆ; ಅದು ತಲೆ ಇಟ್ಟುಕೊಂಡು ಬಾಲ ಕತ್ತರಿಸಿತ್ತು. ಒಂದೇ ಭಾಷೆಯಲ್ಲಿ ಮಾತಾಡಿದ್ದರೆ ಎಚ್ಚರಿಕೆಯ ಮಾತಿಗೂ ಜಾಗ ಸಿಗುತ್ತಿತ್ತು. ಮೂರು ಭಾಷೆಯ ಕಳ್ಳನೇ ಪೂರ್ತಿ ಜಾಗ ತಿಂದುಬಿಟ್ಟಿದ್ದ. ಯಾರೋ ಪುಣ್ಯಾತ್ಮರು ಅದನ್ನು ಇಳಿಸಿಕೊಂಡು, "ಇವನೇ ಕಳ್ಳ, ಎಲ್ಲ ಗ್ರೂಪಿಗೂ ಕಳಿಸಿ" ಎಂದು ಬರೆದು ಕಳಿಸಿದ್ದರು. ಬಂಗಾರಪೇಟೆಯವರೆಗೂ ಹೋಗಿದೆ ಅಂದ ವೆಂಕಿ, ಹೆಮ್ಮೆಯಿಂದಲೇ.

ಆ ವಿಡಿಯೊದ ದನಿ ಮುನಿರತ್ನಮ್ಮನ ಕಿವಿಗೂ ಬಿತ್ತು. ಅವಳು ಎರಡು ವರ್ಷದ ಹಿಂದೆ ಕಾರು ಬಹುಮಾನ ಬಂದಿದೆ ಎಂದವರಿಗೆ ದುಡ್ಡು ಕಟ್ಟಿ, ಕಾರು ಬರುವ ದಾರಿ ಕಾಯ್ದವಳು. ಎದ್ದು ಬಂದು ಮುನೀಂದ್ರನ ಕೊರಳಪಟ್ಟಿ ಹಿಡಿದಳು.

"ಇದೇ ದನಿ. ತೆಲುಗಲ್ಲಿ ನನ್ನ ಅಕ್ಕಾ ಅಂದಿದ್ದು ಇದೇ ಬಾಯಿ."

"ಅಕ್ಕಾ, ದಿನಾ ನಿನ್ ಪಕ್ದಲ್ಲೇ ನಿಂತಿರ್ತೀನಲ್ಲಕ್ಕ."

"ಅದಕ್ಕೇ ಕಣೋ ನನ್ ಅಕೌಂಟಿಗೆ ದುಡ್ ಬಿದ್ದಿದ್ದು ನಿಂಗೆ ಗೊತ್ತಾಗಿದ್ದು."

ಅಷ್ಟರಲ್ಲಿ ಜನ ಸೇರಿತು. ಕೆಜಿಎಫ್‌ನಲ್ಲಿ ಇಷ್ಟು ಮಂದಿ ಫೋನಿನಲ್ಲಿ ದುಡ್ಡು ಕಳೆದುಕೊಂಡಿದ್ದಾರೆಂದು ಅವತ್ತಿನವರೆಗೆ ಯಾರಿಗೂ ತಿಳಿದಿರಲಿಲ್ಲ. ನಾಚಿಕೆಗೆ ಬಾಯಿ ಮುಚ್ಚಿಕೊಂಡಿದ್ದವರೆಲ್ಲ ಈಗ ಒಬ್ಬ ಕಳ್ಳ ಕೈಗೆ ಸಿಕ್ಕಿದನೆಂದು ಬಾಯಿ ತೆಗೆದರು. ಸಾಲ ಕೊಡ್ತೀವಿ ಎಂದವರಿಗೆ ಕೊಟ್ಟವರು, ಕರೆಂಟು ಕಟ್ಟಾಗುತ್ತೆ ಎಂದವರಿಗೆ ಕೊಟ್ಟವರು, ಮಿಲಿಟರಿಯವನ ಸ್ಕೂಟರಿಗೆ ಮುಂಗಡ ಕೊಟ್ಟವರು, ಎಲ್ಲರ ಬಾಕಿಯೂ ಒಬ್ಬ ಪಾನಿಪೂರಿಯವನ ಮೇಲೆ ಬಿತ್ತು. ನೂಕಾಟದಲ್ಲಿ ಪೂರಿಯ ಡಬ್ಬಿ ಉರುಳಿ, ಪುಡಿಯಾದ ಪೂರಿಯ ಮೇಲೆ ನ್ಯಾಯ ನಡೆಯಿತು. ಕೊನೆಗೆ ಗಾಡಿಯನ್ನೂ ಅವನನ್ನೂ ಒಟ್ಟಿಗೆ ಸ್ಟೇಷನ್ನಿಗೆ ತಳ್ಳಿಕೊಂಡು ಹೋದರು. ದಾರಿಯುದ್ದಕ್ಕೂ ಗಾಲಿ ಕಿರ್ರೋ ಎಂದಿತು, ಅದೊಂದೇ ಅವನ ಪರವಾಗಿ ಮಾತಾಡಿದ್ದು.

ಸ್ಟೇಷನ್ನಿನಲ್ಲಿ ಬೈರೇಶ್, ಮುನೀಂದ್ರನ ಫೋನಿನಲ್ಲಿದ್ದ ವಿಡಿಯೊವನ್ನು ಕೋಟು ಬಿಚ್ಚುವವರೆಗೆ ನೋಡಿ, ಟೋಪಿ ತೆಗೆದು ಮೇಜಿನ ಮೇಲಿಟ್ಟು ನಕ್ಕ. ಇವನು ಕಳ್ಳನಲ್ಲ, ಕಳ್ಳತನಕ್ಕೆ ದೂರು ಕೊಟ್ಟವನು ಎಂದು ಜನಕ್ಕೆ ತಿಳಿಹೇಳಿ, ದುಡ್ಡು ಕಳೆದುಕೊಂಡವರೆಲ್ಲ ಸಾಲಾಗಿ ನಿಂತು ಒಂದೊಂದು ದೂರು ಕೊಡಿ ಅಂದ. ಮುನಿರತ್ನಮ್ಮ ಮುನೀಂದ್ರನ ಕೊರಳಪಟ್ಟಿಯನ್ನು ಕೈಯಿಂದ ಸವರಿ ನೆಟ್ಟಗೆ ಮಾಡಿದಳು.

"ನಾನೇ ನಿಂಗೆ ಬೆಳಗಿಂದ ನನ್ ನಂಬರಿಂದ ಫೋನ್ ಮಾಡ್ತಾ ಇದ್ದೀನಿ, ಎತ್ತಲ್ವಲ್ಲೋ," ಅಂದ ಬೈರೇಶ್. "ನಿಮ್ಮಮ್ಮನ ದುಡ್ಡು ಸಿಕ್ತು. ಪೂರ್ತಿ."

ಮುನೀಂದ್ರ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟ.

"ಕೂತ್ಕೋಬೇಡ. ನಿಮ್ಮಮ್ಮ ಆಧಾರ್ ಕಾರ್ಡ್ ತಗೊಂಡು ನಾಲ್ಕು ಗಂಟೆ ಒಳಗೆ ಬಂಗಾರಪೇಟೆಯ ಅವರ ಬ್ಯಾಂಕಿಗೆ ಹೋಗಿ ಹೆಬ್ಬೆಟ್ಟು ಒತ್ಬೇಕು. ಇವತ್ತೇ ಕಡೆ ದಿನ. ತಪ್ಪಿದ್ರೆ ಫೈಲು ಕೋಲಾರಕ್ಕೆ ಹೋಗುತ್ತೆ."

"ಕೋಲಾರಕ್ಕೋದ್ರೆ ಏನ್ ಸಾರ್?"

"ಹೋಗುತ್ತೆ. ಅಷ್ಟೆ."

ಗಾಡಿಯನ್ನು ಸ್ಟೇಷನ್ನಿನ ಬೇವಿನ ಮರದ ಕೆಳಗೆ ಬಿಟ್ಟು ಮುನೀಂದ್ರ ವೆಂಕಿಯ ಆಟೋ ಹತ್ತಿದ. ತಪ್ಪಾಯಿತೆಂಬ ನಾಚಿಕೆಗೆ ಮುನಿರತ್ನಮ್ಮನೂ ಹತ್ತಿದಳು. ಬ್ಯಾಂಕಿನಲ್ಲಿ ಮಾತಾಡಲು ಬೈರೇಶನೂ ಹತ್ತಿದ. ಆಟೋ ಊರಿಗಾಮಿನ ಲೈನಿಗೆ ನುಗ್ಗಿ ಮನೆಯ ಮುಂದೆ ನಿಂತಿತು. ತಗಡಿನ ಬಾಗಿಲು ಮುಚ್ಚಿತ್ತು.

"ಅಮ್ಮಾ, ಬಾಗ್ಲು ತೆಗಿ. ದುಡ್ಡು ಸಿಕ್ತು."

"ಯಾರು?"

"ನಾನಮ್ಮ, ಮುನೀಂದ್ರ. ಆಧಾರ್ ಕಾರ್ಡ್ ತಗಂಡ್ ಬೇಗ ಬಾ. ಹೆಬ್ಬೆಟ್ಟು ಒತ್ಬೇಕು. ಓದ್ ದುಡ್ಡೆಲ್ಲ ವಾಪಸ್ ಕೊಡ್ತಾರೆ."

ಹೇಳಿ ಮುಗಿಸುವಷ್ಟರಲ್ಲಿ ಆ ಮಾತನ್ನು ತಾನೇ ಎಲ್ಲೋ ಹೇಳಿದಂತೆ ಅವನಿಗೆ ಅನಿಸಿತು. ಒಳಗೆ ಚಿಲಕ ಬಿದ್ದ ಸದ್ದಾಯಿತು. ಆಮೇಲೆ ಒರಳುಕಲ್ಲನ್ನು ಬಾಗಿಲಿಗೆ ಅಡ್ಡ ಉರುಳಿಸಿದ ಸದ್ದು.

"ನನ್ ಮಗ ಎಲ್ಲಾ ಏಳವ್ನೆ," ಅಂದಳು ಮುನಿಗಂಗಮ್ಮ ಒಳಗಿನಿಂದ. "ನೀವ್ ಇಂಗೇ ಬತ್ತೀರ, ಇದೇ ಮಾತಾಡ್ತೀರ ಅಂತ."

"ಆ ಮಗ ನಾನೇ ಅಲ್ವೇನಮ್ಮ."

"ಅದ್ನೂ ಏಳವ್ನೆ. ಮಗನ್ ದನೀಲೇ ಮಾತಾಡ್ತಾರೆ ಅಂತ."

ಬೈರೇಶ್ ಮುಂದೆ ಬಂದು, ತಾನು ಪೊಲೀಸೆಂದು, ದೂರು ಬರೆದುಕೊಂಡವನು ತಾನೇ ಎಂದು ಗೌರವದಿಂದ ಹೇಳಿದ. ಕಿಟಕಿ ಒಂದು ಬೆರಳಷ್ಟು ತೆರೆಯಿತು. ಒಂದು ಕಣ್ಣು ಅವನ ಬಟ್ಟೆಯನ್ನು ಮೇಲಿಂದ ಕೆಳಗೆ ನೋಡಿ, ವಿಡಿಯೊದಲ್ಲಿ ಇದ್ದಂತೆಯೇ ಎಲ್ಲ ನಡೆಯುತ್ತಿದೆ ಎನ್ನುವ ಸಮಾಧಾನದಿಂದ ಕಿಟಕಿ ಮುಚ್ಚಿಕೊಂಡಿತು.

ಸೆಲ್ವರಾಜ್ ಓಡಿಬಂದು ತಮಿಳಿನಲ್ಲಿ ಹೇಳಿ ನೋಡಿದ. ಮುನಿರತ್ನಮ್ಮ ತೆಲುಗಿನಲ್ಲಿ ಬೇಡಿಕೊಂಡಳು. ಮೂರು ಭಾಷೇಲೂ ಬತ್ತಾರೆ ಅಂತ ಗೊತ್ತು ಎಂದು ಒಳಗಿನಿಂದ ಉತ್ತರ ಬಂತು. ಮುನೀಂದ್ರ, ಚಿಕ್ಕವನಿದ್ದಾಗ ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬದ ಮೇಲಿಂದ ಜಾರಿಬಿದ್ದು ಹಲ್ಲು ಮುರಿದುಕೊಂಡದ್ದನ್ನು ನೆನಪಿಸಿದ. ಮನೆ ವಿಷಯಾನೆಲ್ಲ ನೆಟ್ಟಲ್ಲಿ ಕದ್ದು ತಿಳ್ಕೊಂಡಿರ್ತಾರೆ ಎಂದು ತಾಯಿ ಬೈದಳು.

ಅಷ್ಟರಲ್ಲಿ ಬೈರೇಶನ ಫೋನು ಬಡಿದುಕೊಂಡಿತು. ಸ್ಟೇಷನ್ನಿನಿಂದ. ಊರಿಗಾಮಿನ ಲೈನಿನಿಂದ ಒಬ್ಬ ಅಜ್ಜಿ ಫೋನು ಮಾಡಿದ್ದಾರೆ, ಮಗನ ವೇಷದವನೊಬ್ಬ, ಪೊಲೀಸ್ ವೇಷದವನೊಬ್ಬ ಮನೆ ಮುಂದೆ ಇದ್ದಾರಂತೆ, ನೀನು ಹತ್ತಿರ ಇದ್ದರೆ ಇಬ್ಬರನ್ನೂ ಹಿಡಿದುಕೊಂಡು ಬಾ ಎಂದು ಅಪ್ಪಣೆ. ಬೈರೇಶ್ ಸರಿ ಸಾರ್ ಎಂದು ಫೋನಿಟ್ಟು, ಯಾರನ್ನು ಮೊದಲು ಹಿಡಿಯುವುದೆಂದು ತಿಳಿಯದೆ ಕಟ್ಟೆಯ ಮೇಲೆ ಕೂತ.

ಬಂಗಾರಪೇಟೆ ದೂರವೇನಲ್ಲ, ಈಗ ಹೊರಟರೂ ಸಿಗುತ್ತೆ ಎಂದು ವೆಂಕಿ ಆಟೋ ಗುರುಗುಟ್ಟಿಸಿದ. ಮುನೀಂದ್ರ ತಗಡಿಗೆ ಹಣೆ ಹಚ್ಚಿದ. ಇಡೀ ಕೆಜಿಎಫ್‌ನಲ್ಲಿ ಅವನ ವಿಡಿಯೊವನ್ನು ಕೊನೆಯವರೆಗೆ ನೋಡಿ, ನಂಬಿ, ಮನಸ್ಸಿಗೆ ಹಾಕಿಕೊಂಡವಳು ಇವಳೊಬ್ಬಳೇ. ಅಳಬೇಕೋ ಹೆಮ್ಮೆಪಡಬೇಕೋ ಅವನಿಗೆ ಗೊತ್ತಾಗಲಿಲ್ಲ.

"ಅಮ್ಮಾ, ಲಿಖಿತನ ಓಲೆ ಕಣಮ್ಮ. ನಿನ್ ಕಾಲಿಗ್ ಬೀಳ್ತೀನಿ, ಒಂದ್ ಸಲ ತೆಗಿ."

ಒಳಗಿನಿಂದ ಬಂದ ದನಿ ಮೆತ್ತಗಿತ್ತು, ಬಾಗಿಲಿನಷ್ಟೇ ಗಟ್ಟಿಯಾಗಿಯೂ ಇತ್ತು.

"ನನ್ ಮಗ ಬಂದ್ರೆ ಗಾಡಿ ಗಾಲಿ ಕಿರ್ರೋ ಅಂತೈತೆ. ಆಟೋದಾಗ್ ಬರಕ್ಕೆ ಅವನತ್ರ ಎಲ್ಲೈತೆ ದುಡ್ಡು. ತೆಗೆಯಲ್ಲ, ಓಗು."